ಬಸ್ಸಿನ ಮುಂದೆ ಆಡದ ಮಾತು

ತನ್ನ ಚಟ್ನಿಪುಡಿಯ ಡಬ್ಬಿಯೊಳಗೆ ಇನ್ನೊಬ್ಬ ಬೆರಳು ಹಾಕಿ ತಡಕಾಡಿದ್ದನ್ನು ಜಯದೇವ ಇವತ್ತಿಗೂ ಮರೆತಿಲ್ಲ. ಮರೆಯುವ ಇರಾದೆಯೂ ಅವನಿಗಿಲ್ಲ. ‘ಆದದ್ದು ಆತು, ಬಿಡ್ರಿ’ ಅನ್ನುವವರಿದ್ದಾರೆ. ಅನ್ನುತ್ತಾರೆ, ಯಾಕೆ ಅನ್ನಬಾರದು? ಅವರ ಡಬ್ಬಿಯಲ್ಲಿ ಯಾರೂ ಬೆರಳಾಡಿಸಿಲ್ಲವಲ್ಲ.

ಅದು ನಡೆದದ್ದು ಪರವಾಡದಲ್ಲಿ, ಬಸ್ಸುಗಳ ಯಾರ್ಡಿನ ಗೇಟಿನ ಮುಂದೆ. ಔಷಧ ಕಾರ್ಖಾನೆಗಳ ಹಗಲು ಶಿಫ್ಟ್ ಬಿಟ್ಟ ಹೊತ್ತು. ಕೆಲಸಗಾರರನ್ನು ತುಂಬಿಕೊಂಡು ವಿಶಾಖಪಟ್ಟಣದ ಕಡೆ ಹೊರಟಿದ್ದ ಕಂಪನಿ ಬಸ್ಸು ಡ್ರೈವರ್ ಬದಲಾಯಿಸಲು ದಿನದಂತೆ ಗೇಟಿನ ಹತ್ತಿರ ನಿಂತಿತ್ತು. ಜಯದೇವ ಕೆಲಸ ಮುಗಿಸಿ, ಹೆಗಲಿಗೆ ಚೀಲ ಹಾಕಿಕೊಂಡು ಅದೇ ಬಸ್ಸು ಹತ್ತಲು ಬರುತ್ತಿದ್ದ. ಅಷ್ಟರಲ್ಲಿ ಕಾರಿನಿಂದಿಳಿದವನು ಮಾಲೀಕ ರಾಮಮೋಹನ್. ವಿಜಯವಾಡದಿಂದ ನೇರ ಬಂದಿದ್ದ.

‘ಏಮಯ್ಯಾ ಜಯದೇವ್, ಚೀಲ ಬಿಚ್ಚು,’ ಅಂದ ತೆಲುಗಿನಲ್ಲಿ.

‘ಯಾಕೆ ಸಾರ್?’

‘ಬಿಚ್ಚು ಅಂದರೆ ಬಿಚ್ಚು.’

ಚೀಲ ಬಿಚ್ಚಿದ್ದಾಯಿತು. ಫೋನು ಇಸಿದುಕೊಂಡ. ಬುತ್ತಿಗಂಟು ಬಿಚ್ಚಿಸಿದ. ಒಣಗಿದ ಅರ್ಧ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಪುಟ್ಟ ಸ್ಟೀಲ್ ಡಬ್ಬಿ. ರಾಮಮೋಹನ್ ಡಬ್ಬಿಯ ಮುಚ್ಚಳ ತೆಗೆದು, ಬಸ್ಸಿನ ಕಿಟಕಿಗಳಲ್ಲಿ ಅಷ್ಟೂ ಮುಖಗಳು ನೋಡುತ್ತಿರುವಾಗ, ಪುಡಿಯೊಳಗೆ ಬೆರಳು ತೂರಿಸಿ ತಿರುವಿದ. ಪೆನ್‌ಡ್ರೈವ್ ಹುಡುಕುತ್ತಿದ್ದನಂತೆ! ಸಿಕ್ಕಿದ್ದು ಬ್ಯಾಡಗಿ ಮೆಣಸಿನಕಾಯಿಯ ಘಾಟು. ಸೀನಿದ. ಸೀನಿದ ರಭಸಕ್ಕೆ ಡಬ್ಬಿ ಕೈಜಾರಿತು, ಹೆಂಡತಿ ದೇವಮ್ಮ ಒರಳಲ್ಲಿ ಕುಟ್ಟಿದ್ದ ಪುಡಿ ಡೀಸೆಲ್ ಬಿದ್ದ ನೆಲದ ಮೇಲೆ ಕೆಂಪಗೆ ಹರಡಿತು. ಬಸ್ಸಿನೊಳಗಿಂದ ಯಾರೋ ನಕ್ಕರು.

ಆ ನಗು ಯಾರದು ಅಂತ ಜಯದೇವ ಇನ್ನೂ ಹುಡುಕುತ್ತಿದ್ದಾನೆ.

ಅವನು ಆವತ್ತು ಕೈ ಎತ್ತಲಿಲ್ಲ. ಸಿಟ್ಟಿನ ಮನುಷ್ಯ, ಬೇರೆ ಯಾರಾದರೂ ಆಗಿದ್ದರೆ ಎತ್ತಿಯೇಬಿಡುತ್ತಿದ್ದ. ಆದರೆ ನೌಕಾಪಡೆಯಲ್ಲಿ ಹದಿನೈದು ವರ್ಷ ಸಮವಸ್ತ್ರ ತೊಟ್ಟ ಮೈ, ಮೇಲಿನವನ ಮುಂದೆ ಕೈ ಬೆನ್ನ ಹಿಂದೆಯೇ ಹೋಗುತ್ತದೆ. ಹಾಗೇ ನಿಂತ. ನಿಂತದ್ದಕ್ಕೂ ಈಗ ಅವನಿಗೆ ಸಿಟ್ಟಿದೆ.

ಜಯದೇವ ಬ್ಯಾಡಗಿ ಕಡೆಯ ಹಳ್ಳಿಯವನು. ಓದಿನಲ್ಲಿ ಅಷ್ಟಕ್ಕಷ್ಟೇ. ಹತ್ತನೆಯ ಇಯತ್ತೆ ಹೇಗೋ ದಾಟಿ, ಹಾವೇರಿಯಲ್ಲಿ ಭರ್ತಿ ನಡೆದಾಗ ಎದೆ ಉಬ್ಬಿಸಿ ನಿಂತು, ನೌಕಾಪಡೆ ಸೇರಿದ. ಹಡಗಿನ ಹೊಟ್ಟೆಯೊಳಗೆ, ಎಂಜಿನ್ನಿನ ಬಿಸಿಯಲ್ಲಿ, ಎಣ್ಣೆ ಮೆತ್ತಿಕೊಂಡೇ ವಯಸ್ಸು ಕಳೆದ. ಬಿಟ್ಟ ಮೇಲೆ ಊರಿಗೆ ಹೋಗಲಿಲ್ಲ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಬಾಡಿಗೆ ಮನೆ ಹಿಡಿದ. ಮಗಳು ಬಿಂದು ಅಲ್ಲೇ ಓದಿದಳು. ಅವಳಿಗೆ ತೆಲುಗು ಸಲೀಸು, ಕನ್ನಡ ಅಜ್ಜಿಯ ಫೋನು ಬಂದಾಗ ಮಾತ್ರ. ರಾಮಮೋಹನನ ಕಂಪನಿ ಪರವಾಡದ ಕಾರ್ಖಾನೆಗಳಿಗೆ ಶಿಫ್ಟ್ ಬಸ್ಸು ಓಡಿಸುತ್ತಿತ್ತು. ಅದರ ಯಾರ್ಡಿಗೆ ಜಯದೇವ ಸೂಪರ್‌ವೈಸರ್ ಆದ. ಯಾವ ಬಸ್ಸಿನ ಕ್ಲಚ್ಚು ಸವೆದಿದೆ, ಯಾವ ಡ್ರೈವರ್ ಕುಡಿದು ಬಂದಿದ್ದಾನೆ, ಎಲ್ಲ ಅವನ ಹೊಣೆ.

ಇನ್ನೊಂದು ಕೆಲಸವೂ ಅವನ ಪಾಲಿಗೆ ಬಂದಿತ್ತು. ಹೊಸ ಕಾರ್ಖಾನೆ ಬಸ್ಸಿಗೆ ಟೆಂಡರ್ ಕರೆದರೆ, ಡೀಸೆಲ್ಲು, ಟೈರು, ಡ್ರೈವರ್ ಭತ್ಯೆ ಎಲ್ಲ ಲೆಕ್ಕ ಹಾಕಿ ದರಪಟ್ಟಿ ಮಾಡುವವನು ಅವನೇ. ಮಾಡಿ ಕಂಪ್ಯೂಟರಿನಲ್ಲಿ ಎರಡೂ ಆಫೀಸಿಗೆ ಸೇರಿದ ಒಂದು ಫೋಲ್ಡರಿಗೆ ಹಾಕಿದರೆ, ವಿಜಯವಾಡದ ಭವಾನಿಪುರಂನಲ್ಲಿದ್ದ ಹೆಡ್ ಆಫೀಸಿನಲ್ಲಿ ರಾಮಮೋಹನ್ ತೆರೆದು ನೋಡುತ್ತಿದ್ದ. ಆ ಫೋಲ್ಡರ್ ತಿಳಿದವರು ಅವರಿಬ್ಬರು, ಜೊತೆಗೆ ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಸಾಯಿಕಿರಣ್. ಈ ಸಾಯಿಕಿರಣ್ ರಾಮಮೋಹನನ ಹೆಂಡತಿಯ ತಮ್ಮ. ಅದೊಂದು ಮಾತು ನೆನಪಿರಲಿ.

ಆ ವರ್ಷ ಒಂದಾದ ಮೇಲೊಂದು ಟೆಂಡರು ಕೈತಪ್ಪಿದವು. ಪ್ರತಿ ಸಲವೂ ಎದುರಾಳಿ ಕಂಪನಿಯ ದರ ಇವರದ್ದಕ್ಕಿಂತ ಕೂದಲೆಳೆಯಷ್ಟೇ ಕಡಿಮೆ. ಒಮ್ಮೆ ಆದರೆ ದುರದೃಷ್ಟ, ಎರಡು ಸಲ ಆದರೆ ಶನಿ ಅನ್ನಬಹುದು. ಪ್ರತಿ ಸಲವೂ ಆದರೆ? ಯಾರೋ ದರಪಟ್ಟಿ ನೋಡುತ್ತಿದ್ದಾರೆ. ಯಾರು? ರಾಮಮೋಹನ್ ತನ್ನನ್ನು ಬಿಟ್ಟ. ಬಾಮೈದನನ್ನು ಬಿಟ್ಟ. ಉಳಿದವನು ಯಾರು, ಹೇಳಬೇಕೆ? ಪರಭಾಷೆಯವನು, ದೂರದ ಯಾರ್ಡಿನಲ್ಲಿ ಒಬ್ಬನೇ ಕೂರುವವನು, ಬಾಯಿ ಜೋರಿನವನು.

ಮುಖ ನೋಡಿ ಕೇಳಿದ್ದರೆ ಆಗುತ್ತಿತ್ತು. ರಾಮಮೋಹನ್ ಕೇಳಲಿಲ್ಲ. ಬದಲಿಗೆ ಯಾರೋ ಹೇಳಿದರು ಅಂತ ಭವಾನಿಪುರಂನಲ್ಲೇ ಇದ್ದ ಗಿರಿಜಾ ಎಂಬ ಹೆಣ್ಣುಮಗಳನ್ನು ಕರೆಸಿದ. ಗಿರಿಜಾ ತುಮಕೂರಿನವಳು. ಗಂಡ ಬಾಲಚಂದ್ರ ಬ್ಯಾಂಕಿನ ಆಫೀಸರು, ವರ್ಗವಾಗಿ ವಿಜಯವಾಡಕ್ಕೆ ಬಂದವನು. ಗಂಡನ ವರ್ಗದ ಹಿಂದೆ ಗಂಟುಮೂಟೆ ಕಟ್ಟಿ ಕಟ್ಟಿ ಅವಳಿಗೆ ಯಾವ ನೌಕರಿಯೂ ನಿಲ್ಲಲಿಲ್ಲ. ಕಲಿತದ್ದು ಕಂಪ್ಯೂಟರ್. ಮನೆಯಲ್ಲೇ ಕೂತು ಮಾಡುವಂಥ ಒಂದು ಕೆಲಸ ಹುಟ್ಟಿಸಿಕೊಂಡಿದ್ದಳು. ದೊಡ್ಡ ಕಂಪನಿಗಳಲ್ಲಿ ತಮ್ಮ ಕಂಪ್ಯೂಟರುಗಳಿಗೆ ಯಾರು ನುಗ್ಗುತ್ತಾರೆ ಅಂತ ಹಗಲಿರುಳು ಕಾಯುವ ಜನರಿರುತ್ತಾರೆ. ಸಣ್ಣ ನರ್ಸಿಂಗ್ ಹೋಂ, ಸಣ್ಣ ಶಾಲೆ, ನಾಲ್ಕು ಬಸ್ಸಿನ ಕಂಪನಿಗೆ ಆ ಖರ್ಚು ಎಲ್ಲಿಂದ ಬರಬೇಕು? ಇವಳು ಹಳೆಯ ಸಣ್ಣ ಕಂಪ್ಯೂಟರುಗಳನ್ನು ತಂದು, ಪುಕ್ಕಟೆ ಸಿಗುವ ತಂತ್ರಾಂಶ ತುಂಬಿ, ಬುತ್ತಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಮಾಡಿದ್ದಳು. ಆಫೀಸಿನ ಇಂಟರ್ನೆಟ್ ತಂತಿಗೆ ಅದನ್ನು ಸಿಕ್ಕಿಸಿದರೆ ಯಾವ ಯಂತ್ರ ಯಾವುದರ ಜೊತೆ ಮಾತಾಡಿತು ಅಂತ ಅದು ನೋಡುತ್ತಿರುತ್ತದೆ. ಹೊಸದೇನಾದರೂ ಕಂಡರೆ ಫೋನಿಗೆ ಎಚ್ಚರಿಕೆ ಕಳಿಸುತ್ತದೆ. ತಿಂಗಳಿಗೆ ಹಾಲಿನವನಿಗೆ ಕೊಡುವಷ್ಟು ಕೊಟ್ಟರೆ ಸಾಕು.

‘ಕಟ್ಟೆ ಮೇಲೆ ಕೂತಿರೋ ಅಜ್ಜಿ ಇದ್ದ ಹಾಗೆ ಸಾರ್,’ ಅಂತ ಅವಳು ರಾಮಮೋಹನನಿಗೆ ವಿವರಿಸಿದ್ದಳಂತೆ. ‘ಯಾರ ಚೀಲದಲ್ಲಿ ಏನಿದೆ ಅಂತ ಅಜ್ಜಿ ನೋಡಲ್ಲ. ಯಾರು ಯಾರ ಮನೆಗೆ ಹೋದ್ರು ಅಂತ ಮಾತ್ರ ಮರೆಯಲ್ಲ. ಎರಡು ಆಫೀಸಿಗೂ ಒಂದೊಂದು ಹಾಕೋಣ.’

‘ಇಲ್ಲಿ ಬೇಡಮ್ಮಾ. ಇಲ್ಲಿರುವವರು ನಮ್ಮವರು,’ ಅಂದ ರಾಮಮೋಹನ್. ‘ಪರವಾಡಕ್ಕೆ ಹಾಕಿ. ಬೀರುವಿನ ಹಿಂದೆ. ಅಲ್ಲಿ ಯಾರಿಗೂ ಹೇಳಬೇಡಿ.’

ಸಾಯಿಕಿರಣ್ ಬಂದು ಬೀರುವಿನ ಹಿಂದೆ ಪೆಟ್ಟಿಗೆ ಇಟ್ಟ. ‘ಇದೇನಪ್ಪಾ?’ ಅಂತ ಜಯದೇವ ಕೇಳಿದ್ದಕ್ಕೆ ‘ಇಂಟರ್ನೆಟ್ ಸ್ಪೀಡಿಗೆ’ ಅಂದ. ಜಯದೇವ ನಂಬಿದ.

ನಂಬಿದವನು ಪ್ರತಿ ಸಂಜೆ ಅದನ್ನು ಆರಿಸಿದ.

ಇದು ಅವನ ಚಾಳಿ. ಹಡಗಿನಲ್ಲಿ ದಿನದ ಕೆಲಸ ಮುಗಿದ ಮೇಲೆ ರೌಂಡ್ಸ್ ಅಂತ ಇರುತ್ತದೆ. ಒಂದೊಂದು ಕೋಣೆಗೂ ಹೋಗಿ, ಬೇಡದ ಸ್ವಿಚ್ಚು ಆರಿಸಿ, ‘ಎಲ್ಲ ಸರಿ’ ಅಂತ ವರದಿ ಕೊಡಬೇಕು. ನೀರಿನ ಮಧ್ಯೆ ಬೆಂಕಿ ಬಿದ್ದರೆ ಓಡಿಹೋಗಲು ಜಾಗ ಎಲ್ಲಿದೆ? ಒಮ್ಮೆ ಅವನಿದ್ದ ಹಡಗಿನಲ್ಲಿ ಯಾರೋ ಮರೆತ ಒಂದು ಹೀಟರ್ ಹೊಗೆಯಾಡಿತು. ಗೆಳೆಯನೊಬ್ಬನ ಕೈಯ ಚರ್ಮ ಕೈಗವಸಿನ ಹಾಗೆ ಕಳಚಿ ಬಂದದ್ದನ್ನು ಕಣ್ಣಾರೆ ಕಂಡಿದ್ದ. ಅಂದಿನಿಂದ ಜಯದೇವ ಎಲ್ಲಿಂದ ಹೊರಟರೂ ಮೇನ್ ಸ್ವಿಚ್ಚು ಕೆಳಗೆಳೆಯದೆ ಹೊರಡುವುದಿಲ್ಲ. ಯಾರ್ಡಿನ ದೀಪಗಳಿಗೂ ವಾಚ್‌ಮನ್ ಗುಡಿಸಲಿಗೂ ಬೇರೆ ಲೈನು. ಆಫೀಸ್ ಕೋಣೆಯ ಮೇನ್ ಮಾತ್ರ ಅವನ ಕೈಯಲ್ಲಿ. ಮನೆಯಲ್ಲೂ ಇದೇ ಕಥೆ. ಸಿಂಹಾಚಲಕ್ಕೆ ಹೋಗಿ ಬರುವಷ್ಟರಲ್ಲಿ ಫ್ರಿಜ್ಜಿನ ಹಾಲು ಒಡೆದು ದೇವಮ್ಮ ಬೈಯುತ್ತಿದ್ದಳು. ‘ನಿಮ್ಮ ಹಡಗ ಮುಳುಗ್ಲಿ! ಇದು ಮನೀರಿ, ಸಮುದ್ರ ಅಲ್ಲ.’

ಹೀಗೆ ಪ್ರತಿ ಸಂಜೆ ಜಯದೇವ ಮೇನ್ ಎಳೆದ ಕೂಡಲೇ ಅತ್ತ ಗಿರಿಜಾಳ ಕಂಪ್ಯೂಟರಿನಿಂದ ರಾಮಮೋಹನನ ಫೋನಿಗೆ ಒಂದು ಎಚ್ಚರಿಕೆ ಬರುತ್ತಿತ್ತು: ‘ಪರವಾಡದ ಪೆಟ್ಟಿಗೆ ಮೌನವಾಗಿದೆ.’

ಸಂಶಯದ ಕಣ್ಣಿಗೆ ಏನು ಕಾಣುತ್ತದೆ, ನೀವೇ ಹೇಳಿ. ಕಳ್ಳ ದಿನಾ ಸಂಜೆ ಕಾವಲಿನ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದಾನೆ, ಆಮೇಲೆ ಕೆಲಸ ಶುರು ಮಾಡುತ್ತಿದ್ದಾನೆ! ರಾಮಮೋಹನ್ ‘ಯಾಕಪ್ಪಾ ಆರಿಸುತ್ತೀಯ’ ಅಂತ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ಹಕ್ಕಿ ಹಾರಿಹೋದೀತು ಅಂತ ಕೇಳಲಿಲ್ಲ. ಇನ್ನೊಂದು ಟೆಂಡರು ಕೈತಪ್ಪಿದ ದಿನ ಕಾರು ಹತ್ತಿ ಬಂದು ಚಟ್ನಿಪುಡಿಯೊಳಗೆ ಬೆರಳು ಹಾಕಿದ.

ಅವತ್ತು ಜಯದೇವ ಬಸ್ಸು ಹತ್ತಲಿಲ್ಲ. ಆಟೋ ಹಿಡಿದು ಮನೆಗೆ ಬಂದ. ದೇವಮ್ಮ ಖಾಲಿ ಡಬ್ಬಿ ನೋಡಿ ಖುಷಿಪಟ್ಟಳು.

‘ಅಷ್ಟೂ ತಿಂದ್ರೇನ್ರಿ? ಖಾರ ಹೆಚ್ಚಾಗಿತ್ತು ಅನ್ಕೊಂಡಿದ್ದೆ.’

ಅವನು ಸ್ನಾನಕ್ಕೆ ಹೋದ. ಆಮೇಲೆ ಎಲ್ಲ ಹೇಳಿದ. ಅವಳು ಒರಳಿನ ಕಡೆ ನೋಡುತ್ತ ಕೂತಳು.

‘ಕೆಲಸ ಬಿಟ್ಟಬಿಡ್ರಿ,’ ಅಂದಳು ಕೊನೆಗೆ.

‘ಬಿಟ್ಟರ ಕಳ್ಳ ಅಂತಾರ. ಓಡಿಹೋದ ನೋಡು ಅಂತಾರ. ಬಿಡೂದಿಲ್ಲ.’

‘ಇದ್ದರೂ ಅದನ್ನs ಅಂತಾರಲ್ಲ.’

‘ಅನ್ಲಿ. ಯಾರು ಅಂತಾರ ನೋಡತೀನಿ.’

ರಾಮಮೋಹನ್ ತಿಂಗಳು ಮುಗಿಯುವವರೆಗೆ ಗಡುವು ಕೊಟ್ಟಿದ್ದ. ತಾನಾಗಿ ಒಪ್ಪಿಕೊಂಡರೆ ಸರಿ, ಇಲ್ಲದಿದ್ದರೆ ಪೊಲೀಸು. ನೌಕಾಪಡೆಯಿಂದ ಬಂದವನ ಮೇಲೆ ಪೊಲೀಸು ಕೇಸು! ಜಯದೇವನ ಹತ್ತಿರ ಇದ್ದ ಆಸ್ತಿ ಅಂದರೆ ಆ ಹೆಸರೊಂದೇ. ಅದೂ ಹೋದರೆ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಲು ಯಾವ ಮುಖ?

ಆ ದಿನಗಳಲ್ಲಿ ಅವನಿಗೆ ಎಲ್ಲರ ಮೇಲೂ ಗುಮಾನಿ. ಚಹಾ ತಂದ ವಾಚ್‌ಮನ್ ಸೂರ್ಯಪ್ರಕಾಶ ಎರಡು ಸಲ ಬಾಗಿಲ ಹತ್ತಿರ ನಿಂತ, ಯಾಕೆ ನಿಂತ? ಡ್ರೈವರುಗಳು ತಾನು ಬಂದ ಕೂಡಲೇ ಮಾತು ನಿಲ್ಲಿಸಿದರು, ಏನು ಮಾತಾಡುತ್ತಿದ್ದರು? ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇತ್ತು, ಬೇಕೆಂದೇ ಬಿಟ್ಟರೇ? ಮನೆಯಲ್ಲಿ ಬಿಂದು ಫೋನಿನಲ್ಲಿ ತೆಲುಗಿನಲ್ಲಿ ಪಿಸುಗುಟ್ಟಿದರೆ ಅದೂ ತನ್ನದೇ ಸುದ್ದಿ ಅನ್ನಿಸುತ್ತಿತ್ತು. ‘ಅಪ್ಪಾ, ಊರಕೇ ಸುಮ್ಮಸುಮ್ನ ಡೌಟ್ ಪಡಬ್ಯಾಡ. ಎಗ್ಜಾಮ್ ಬಗ್ಗೆ ಮಾತಾಡಾಕತ್ತೀನಿ,’ ಅಂತ ಮಗಳು ಎರಡು ಭಾಷೆ ಕಲಸಿ ರೇಗಿದಳು. ಸಂಶಯ ಗೆದ್ದಲಿದ್ದ ಹಾಗೆ. ರಾಮಮೋಹನನ ಕಂಬದಿಂದ ಇಳಿದದ್ದು ಜಯದೇವನ ಬಾಗಿಲಿಗೂ ಹತ್ತಿತ್ತು.

ಇಂಥ ಹೊತ್ತಿನಲ್ಲಿ ಗಿರಿಜಾ ಯಾರ್ಡಿಗೆ ಬಂದಳು.

ಯಾಕೆ ಬಂದಳೆಂದರೆ, ಅವಳಿಗೆ ಒಂದು ವಿಷಯ ಹಲ್ಲಿನಲ್ಲಿ ಸಿಕ್ಕಿದ ನಾರಿನಂತೆ ಕಾಡುತ್ತಿತ್ತು. ಪೆಟ್ಟಿಗೆ ದಿನಾ ಆರುತ್ತದೆ, ಸರಿ. ಆದರೆ ಭಾನುವಾರ ಬಿಟ್ಟು ಒಂದು ದಿನವೂ ತಪ್ಪದೆ, ಶಿಫ್ಟ್ ಬಸ್ಸಿನ ಹೊತ್ತಿಗೆ ಸರಿಯಾಗಿ ಆರುತ್ತದೆ. ಕಳ್ಳ ಇಷ್ಟು ಶಿಸ್ತಿನವನೇ? ರಾಮಮೋಹನನನ್ನು ಕೇಳಿದರೆ ‘ನಾನು ಹೇಳಲಿಲ್ಲವೇ ಅಮ್ಮಾ’ ಅನ್ನುತ್ತಾನೆ. ಹಾಗಾದರೆ ಆರಿಸುವವನನ್ನೇ ಕೇಳಿದರಾಯಿತು ಅಂತ ರೈಲು ಹತ್ತಿ ಬಂದಿದ್ದಳು.

ಬಂದದ್ದು ಅದೇ ಗೇಟಿಗೆ, ಅದೇ ಬಸ್ಸು ನಿಂತಿದ್ದ ಹೊತ್ತಿಗೆ. ‘ಜಯದೇವ್ ಅಂದ್ರೆ ನೀವೇನಾ ಸಾರ್? ನಾನು ಗಿರಿಜಾ ಅಂತ. ಬೀರು ಹಿಂದೆ ಒಂದು ಪೆಟ್ಟಿಗೆ ಇದೆಯಲ್ಲ, ಅದನ್ನ ಮಾಡಿದೋಳು. ಯಾರ್ಯಾರು ಕಂಪ್ಯೂಟರ್ ಮುಟ್ತಾರೆ ಅಂತ ನೋಡೋ ಪೆಟ್ಟಿಗೆ.’

ಪರಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಮನಸ್ಸು ಕರಗುತ್ತದೆ ಅನ್ನುತ್ತಾರೆ. ಜಯದೇವನ ತಲೆ ಕಾದು ಕೆಂಡವಾಯಿತು. ಓಹೋ! ಸ್ಪೀಡಿನ ಪೆಟ್ಟಿಗೆ ಅಂದದ್ದು ತನ್ನನ್ನು ಕಾಯುವ ಪೆಟ್ಟಿಗೆ. ಈಗ ತನ್ನ ಬಾಯಿ ಬಿಡಿಸಲು ಹುಡುಕಿ ಹುಡುಕಿ ಒಬ್ಬ ಕನ್ನಡದವಳನ್ನು ಕಳಿಸಿದ್ದಾನೆ.

‘ಕನ್ನಡದಾಕಿನ ಕಳಿಸಿದ್ರ ಬಾಯಿ ಬಿಡ್ತಾನ ಅಂದ್ಕೊಂಡನೇನ?’ ಅಂತ ಅಬ್ಬರಿಸಿದ. ‘ಎಷ್ಟಕ್ಕ ಮಾರ್ಕೊಂಡಿ? ನಾಚಿಕಿ ಬರಂಗಿಲ್ಲ ನಿನಗ? ಕೂಲಿ ಗೂಢಚಾರಿ! ನಡಿ ಇಲ್ಲಿಂದ!’ ಕನ್ನಡ ತಿಳಿಯದವರಿಗೂ ತಿಳಿಯಲಿ ಅಂತ ಅದನ್ನೇ ತೆಲುಗಿನಲ್ಲಿ ಇನ್ನೊಮ್ಮೆ ಕೂಗಿದ. ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಹೊರಬಂದವು.

ಗಿರಿಜಾಳ ಮುಖ ಕೆಂಪಾಯಿತು. ಆದರೆ ಹೋಗಲಿಲ್ಲ. ಬಸ್ಸು ಹೋಗುವ ತನಕ ಚೀಲ ಎದೆಗವಚಿ ನಿಂತಳು. ಆಮೇಲೆ ಕೇಳಿದಳು.

‘ಬೈದಿದ್ದು ಆಯ್ತಾ? ಈಗ ಒಂದು ಹೇಳಿ. ದಿನಾ ಸಾಯಂಕಾಲ ಅದನ್ನ ಯಾಕೆ ಆಫ್ ಮಾಡ್ತೀರಾ?’

‘ಬೆಂಕಿ ಬೀಳತೈತಲ್ಲ ತಾಯಿ! ಯಾರಪ್ಪನ ಮನಿ ಗಂಟು ಹೊಕ್ಕೈತಿ? ನಿನ್ನ ಪೆಟ್ಟಿಗಿ ಒಂದs ಅಲ್ಲ, ಕೋಣಿ ಕೋಣಿನs ಬಂದ್ ಮಾಡ್ತೀನಿ. ಮೇನ್ ಎಳೀತೀನಿ.’

‘ಮೇನೇ ಎಳೀತೀರಾ? ಅಂದ್ರೆ ಕಂಪ್ಯೂಟರ್, ಇಂಟರ್ನೆಟ್, ಎಲ್ಲಾ ಸತ್ತಿರುತ್ತೆ?’

‘ಫ್ಯಾನ್ ಸೈತ ತಿರುಗಂಗಿಲ್ಲ. ಬಂದು ನೋಡು, ಬೇಕಾದ್ರ.’

ಅವಳು ಬಂದು ನೋಡಿದಳು. ಅವನು ಸಿಟ್ಟಿನಲ್ಲೇ ಮೇನ್ ಕೆಳಗೆಳೆದ, ಕೋಣೆ ಕತ್ತಲಾಯಿತು. ಅವಳು ಬೀರುವಿನ ಹಿಂದೆ ಬಗ್ಗಿ ಪೆಟ್ಟಿಗೆಯ ದೀಪ ಆರಿದ್ದನ್ನು ನೋಡಿದಳು.

‘ಸಾರ್,’ ಅಂದಳು, ‘ಹಗಲೊತ್ತು ಇಲ್ಲಿಂದ ಏನೂ ಹೋಗಿದ್ದು ಪೆಟ್ಟಿಗೆಗೆ ಕಂಡಿಲ್ಲ. ಇಲ್ಲಿ ಎಲ್ಲಾ ಸತ್ತಿರೋವಾಗ್ಲೂ ನಿಮ್ಮ ದರಪಟ್ಟಿ ಹೊರಗೆ ಹೋಗ್ತಿದ್ರೆ, ಅದು ಇಲ್ಲಿಂದ ಹೋಗ್ತಿಲ್ಲ ಅಂತಾಯ್ತು. ಅಲ್ವಾ?’

ಇದೂ ಒಂದು ಬಲೆ ಇರಬಹುದು ಅಂತ ಜಯದೇವನಿಗೆ ಗುಮಾನಿ. ಆದರೆ ಆ ಸಂಜೆ ಅವಳನ್ನು ಗಾಜುವಾಕಕ್ಕೆ ಹೋಗುವ ಆಟೋ ಹತ್ತಿಸಿದ. ಆಟೋದ ನಂಬರನ್ನೂ ನೋಡಿಟ್ಟುಕೊಂಡ. ಯಾಕೆ ಅಂತ ಅವನಿಗೇ ಗೊತ್ತಿಲ್ಲ, ಕಾಳಜಿಯೋ ಸಂಶಯವೋ.

ಗಿರಿಜಾ ವಿಜಯವಾಡಕ್ಕೆ ಹೋಗಿ ಹೆಡ್ ಆಫೀಸಿಗೂ ಒಂದು ಪೆಟ್ಟಿಗೆ ಹಾಕುತ್ತೇನೆ ಅಂದಳು. ರಾಮಮೋಹನ್ ಮತ್ತೆ ಅದೇ ರಾಗ: ಇಲ್ಲಿರುವವರು ನಮ್ಮವರು. ಅವಳು ಬಿಡಲಿಲ್ಲ. ‘ನಮ್ಮವರು ಅಂದ ಮೇಲೆ ಭಯ ಯಾಕೆ ಸಾರ್? ಪೊಲೀಸರು ಬಂದಾಗ ಎರಡೂ ಕಡೆ ನೋಡಿದೀವಿ ಅಂತ ತೋರಿಸೋಕೆ ಬೇಕಾಗುತ್ತೆ.’ ಆ ಮಾತು ಅವನಿಗೆ ಹಿಡಿಸಿತು. ಪೆಟ್ಟಿಗೆ ಕೂತಿತು.

ಹೊಸದರಲ್ಲಿ ಅದು ಕಂಡಕಂಡದ್ದಕ್ಕೆಲ್ಲ ಬೊಬ್ಬೆ ಹೊಡೆಯಿತಂತೆ. ಪ್ರಿಂಟರ್ ಎದ್ದರೂ ಎಚ್ಚರಿಕೆ, ಗುಮಾಸ್ತೆ ಫೋನಿನಲ್ಲಿ ಸೀರಿಯಲ್ ನೋಡಿದರೂ ಎಚ್ಚರಿಕೆ. ಹೀಗೆ ಸುಮ್ಮಸುಮ್ಮನೆ ಕೂಗುವ ನಾಯಿಯನ್ನು ಯಾರೂ ನಂಬುವುದಿಲ್ಲ ಅಂತ ಗಿರಿಜಾ ಮನೆಯಲ್ಲಿ ಕೂತು ಒಂದೊಂದನ್ನೇ ತಿದ್ದಿದಳು. ಇದು ದಿನದ್ದು, ಕೂಗಬೇಡ. ಇದು ಹೊಸದು, ಕೂಗು. ಕೊನೆಗೆ ಒಂದು ಎಚ್ಚರಿಕೆ ಮಾತ್ರ ತಿದ್ದಲಾಗದೆ ಉಳಿಯಿತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಮುಂದಿನ ಟೆಂಡರಿನ ದಿನ ಜಯದೇವನನ್ನು ವಿಜಯವಾಡಕ್ಕೆ ಕರೆಸಿ ಅಂತ ರಾಮಮೋಹನನಿಗೆ ಹೇಳಿದಳು. ‘ಅವರು ನಿಮ್ಮ ಕಣ್ಣೆದುರಿಗೇ ಇರಲಿ. ಯಾರ್ಡಿನ ಮೇನ್ ಎಳೆದೇ ಬರಲಿ.’

ಜಯದೇವ ಇದು ಪೊಲೀಸರ ಕೈಗೆ ಕೊಡುವ ಏರ್ಪಾಡು ಅಂದುಕೊಂಡ. ದೇವಮ್ಮ ಬುತ್ತಿ ಕಟ್ಟಲು ಬಂದರೆ ‘ಬ್ಯಾಡ’ ಅಂದ. ಹೋಗುವಾಗ ಮೇನ್ ಎಳೆದು, ಕೋಣೆಗೆ ಬೀಗ ಹಾಕಿ, ಬೀಗದಕೈ ಜೇಬಿಗೆ ಹಾಕಿಕೊಂಡ. ರೈಲಿನ ಕಿಟಕಿಯಲ್ಲಿ ಗೋದಾವರಿ ಬಂದಾಗ ಎಲ್ಲರೂ ಕೈಮುಗಿದು ನಾಣ್ಯ ಎಸೆದರು. ಅವನು ಎಸೆಯಲಿಲ್ಲ. ನದಿಯ ಮೇಲೂ ಸಿಟ್ಟು.

ಭವಾನಿಪುರಂನ ಆಫೀಸಿನಲ್ಲಿ ನಾಲ್ಕು ಕುರ್ಚಿ. ರಾಮಮೋಹನ್, ಎದುರಿಗೆ ಜಯದೇವ, ಪಕ್ಕದಲ್ಲಿ ಗಿರಿಜಾ, ಬಾಗಿಲ ಬಳಿ ಸಾಯಿಕಿರಣ್. ಗೋಡೆಯ ಮೂಲೆಯಲ್ಲಿ ಕ್ಯಾಮೆರಾ. ಅದರ ಚಿತ್ರಗಳನ್ನು ಹಿಡಿದಿಡುವ ಕಪ್ಪು ರೆಕಾರ್ಡರ್ ಪೆಟ್ಟಿಗೆ ಅಲಮಾರಿಯ ಮೇಲೆ. ಮನೆಯಲ್ಲಿ ಕೂತು ಗುಮಾಸ್ತೆಯರ ಮೇಲೆ ಕಣ್ಣಿಡಲು ರಾಮಮೋಹನ್ ಹಾಕಿಸಿದ್ದು. ಬಾಮೈದನೇ ಅಗ್ಗದಲ್ಲಿ ತಂದು ಹಾಕಿಕೊಟ್ಟಿದ್ದ.

ಬೆಳಿಗ್ಗೆಯೇ ಗಿರಿಜಾ ಒಂದು ಸುಳ್ಳು ದರಪಟ್ಟಿ ಫೋಲ್ಡರಿಗೆ ಹಾಕಿದ್ದಳು. ಟೆಂಡರು ಸಂಜೆಗೆ ಮುಗಿಯುತ್ತದೆ. ಊಟದ ಹೊತ್ತಾಯಿತು, ಯಾರೂ ಏಳಲಿಲ್ಲ. ಚಹಾ ಬಂತು. ಜಯದೇವ ಲೋಟ ಮೂಸಿ ನೋಡಿ ಕೆಳಗಿಟ್ಟ.

‘ಕುಡಿಯಪ್ಪಾ, ವಿಷ ಹಾಕಿಲ್ಲ,’ ಅಂದ ರಾಮಮೋಹನ್.

‘ನೀವು ಮೊದಲು ಕುಡಿಯಿರಿ ಸಾರ್.’

ಸಾಯಿಕಿರಣ್ ಕಿಸಕ್ಕನೆ ನಕ್ಕ. ‘ಬಾವಗಾರೂ, ಈ ನಾಟಕ ಎಷ್ಟು ಹೊತ್ತು? ಅವನು ಇಲ್ಲೇ ಕೂತಿದ್ದಾನೆ. ಇವತ್ತು ಯಾರು ಕದಿಯುತ್ತಾರೆ?’

‘ಅದನ್ನೇ ನೋಡೋಕೆ ಕೂತಿದೀವಿ,’ ಅಂದಳು ಗಿರಿಜಾ ತನ್ನ ಮುರುಕು ತೆಲುಗಿನಲ್ಲಿ.

ಬಿಸಿಲು ಇಳಿಯುತ್ತ ಬಂತು. ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ಜಯದೇವನ ಕೈ ಜೇಬಿನ ಬೀಗದಕೈಯ ಮೇಲೆ. ಇವತ್ತು ಏನೂ ಆಗದಿದ್ದರೆ? ‘ಇವನು ಇಲ್ಲಿ ಕೂತ, ಕಳವು ನಿಂತಿತು, ಇವನೇ ಕಳ್ಳ’ ಅನ್ನುತ್ತಾರೆ. ಕಳವಾಗಲಿ ಅಂತ ಒಬ್ಬ ಪ್ರಾಮಾಣಿಕ ಮನುಷ್ಯ ಮನಸ್ಸಿನಲ್ಲೇ ಮನೆದೇವರಿಗೆ ಹರಕೆ ಹೊರುವ ಗತಿ ಬಂದಿತ್ತು!

ಆಗ ರಾಮಮೋಹನನ ಫೋನು ಗುಂಯ್‌ಗುಟ್ಟಿತು. ಅವನು ಓದಿದ. ಇನ್ನೊಮ್ಮೆ ಓದಿದ.

‘ಏನಂತಿದೆ? ಜೋರಾಗಿ ಓದಿ,’ ಅಂದಳು ಗಿರಿಜಾ.

‘ಕ್ಯಾಮೆರಾ ರೆಕಾರ್ಡರ್... ದರಪಟ್ಟಿಯ ಫೋಲ್ಡರ್ ತೆರೆಯುತ್ತಿದೆ.’

ಎಲ್ಲರೂ ಅಲಮಾರಿಯ ಮೇಲೆ ನೋಡಿದರು. ಕಪ್ಪು ಪೆಟ್ಟಿಗೆಯ ಸಣ್ಣ ದೀಪ ಪಿಳಿಪಿಳಿ ಹೊಡೆಯುತ್ತಿತ್ತು, ತನಗೇನೂ ಗೊತ್ತಿಲ್ಲದ ಹಾಗೆ.

‘ಚಿತ್ರ ಹಿಡಿಯೋ ಯಂತ್ರಕ್ಕೆ ಡೀಸೆಲ್ ದರದ ಹತ್ತಿರ ಏನು ಕೆಲಸ ಸಾರ್?’ ಅಂದಳು. ‘ನೀವು ಮನೆಯಿಂದ ಫೋನಲ್ಲಿ ನೋಡ್ಬೇಕು ಅಂತ ಇದಕ್ಕೆ ಹೊರಗಿನ ಇಂಟರ್ನೆಟ್ಟಿಗೆ ಒಂದು ಬಾಗಿಲು ತೆಗೆದಿದ್ದಾರೆ. ಬೀಗ ಮಾತ್ರ ಕಾರ್ಖಾನೆಯಿಂದ ಬಂದದ್ದೇ. ಅದೇ ಪಾಸ್‌ವರ್ಡು ಈ ಜಾತಿಯ ಎಲ್ಲ ಪೆಟ್ಟಿಗೆಗೂ ಇರುತ್ತೆ, ಲೋಕಕ್ಕೇ ಗೊತ್ತು. ಯಾರೋ ಆ ಬಾಗಿಲಿಂದ ಒಳಗೆ ಬಂದು, ಇದರೊಳಗೆ ಕೂತು, ಇಡೀ ಆಫೀಸು ಓಡಾಡ್ತಿದ್ದಾರೆ.’

ಬೇಲಿಯೇ ಎದ್ದು ಹೊಲ ಮೇಯ್ದದ್ದು ಅಂದರೆ ಇದೇ. ಅದೂ ಎಂಥ ಬೇಲಿ! ತನ್ನ ಜನರ ಮೇಲೆ ನಂಬಿಕೆ ಇಲ್ಲದೆ ಹಾಕಿಸಿದ ಬೇಲಿ.

ಸಂಜೆ ಎದುರಾಳಿಯ ದರ ಹೊರಬಂತು. ಸುಳ್ಳು ಪಟ್ಟಿಗಿಂತ ಕೂದಲೆಳೆಯಷ್ಟು ಕಡಿಮೆ. ಆಚೆ ತುದಿಯಲ್ಲಿ ಕೂತಿದ್ದ ಕೈ ಯಾರದು ಅಂತ ಕೊನೆಗೂ ಸಿಗಲಿಲ್ಲ. ದೂರು ಕೊಟ್ಟರು, ದೂರು ಕಡತದಲ್ಲಿ ಮಲಗಿತು. ಸಾಯಿಕಿರಣ್ ಬೇಕೆಂದೇ ಬೀಗ ಬದಲಿಸಲಿಲ್ಲವೋ, ಸೋಮಾರಿತನವೋ? ಜಯದೇವನಿಗೆ ತನ್ನದೇ ಅನುಮಾನವಿದೆ, ಹೇಳುವುದಿಲ್ಲ. ರಾಮಮೋಹನ್ ಮಾತ್ರ ಬಾಮೈದನ ಬೆನ್ನಿಗೊಂದು ಗುದ್ದು ಹಾಕಿ ‘ಹುಡುಗಬುದ್ಧಿ, ಮರೆತಿದ್ದಾನೆ’ ಅಂದ. ನೋಡಿ, ಬಾಮೈದ ಮಾಡಿದರೆ ಮರೆವು. ಜಯದೇವ ಮಾಡದಿದ್ದರೂ ಕಳವು.

ಆಮೇಲೆ ರಾಮಮೋಹನ್ ಬಾಗಿಲು ಮುಚ್ಚಿಸಿದ. ಆತ್ರೇಯಪುರದ ಪೂತರೇಕುಲು ಮಿಠಾಯಿಯ ಡಬ್ಬಿ ತರಿಸಿ ಜಯದೇವನ ಕೈಗಿಟ್ಟ. ‘ಜಯದೇವ್ ಗಾರೂ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ತಪ್ಪಾಯಿತು.’ ಅಲ್ಲಿಯವರೆಗೆ ‘ಏಮಯ್ಯಾ’ ಇದ್ದದ್ದು ‘ಗಾರೂ’ ಆಗಿತ್ತು.

ಜಯದೇವ ಡಬ್ಬಿಯನ್ನು ಮೇಜಿನ ಮೇಲಿಟ್ಟ. ‘ಚಟ್ನಿಪುಡಿ ಚೆಲ್ಲಿದ್ದು ಈ ಕೋಣೆಯಲ್ಲಲ್ಲ ಸಾರ್. ಗೇಟಿನ ಹತ್ತಿರ ಬನ್ನಿ. ಬಸ್ಸು ನಿಂತಿರುತ್ತದೆ. ಈ ಮಾತನ್ನೇ ಅಲ್ಲಿ ಹೇಳಿ. ಅಷ್ಟು ಸಾಕು.’

‘ಬರುತ್ತೇನೆ, ಬರುತ್ತೇನೆ. ಅದೇನು ದೊಡ್ಡದು?’

ಒಂದು ಸಲ ಬಂದ. ಕಾರಿನ ಗಾಜು ಏರಿಸಿಕೊಂಡು ಫೋನಿನಲ್ಲಿ ಮಾತಾಡುತ್ತ ಕೂತ. ಬಸ್ಸು ಹೊರಟುಹೋದ ಮೇಲೆ ಇಳಿದ. ‘ಅಯ್ಯೋ, ಹೋಗೇಬಿಟ್ಟಿತಾ?’ ಅಂದ. ಆಮೇಲೆ ಜಯದೇವನಿಗೆ ಮ್ಯಾನೇಜರ್ ಅಂತ ಪದವಿ ಕೊಟ್ಟ, ಬಾಗಿಲಿಗೆ ಹೆಸರಿನ ಫಲಕ ಹಾಕಿಸಿದ. ದೀಪಾವಳಿಗೆ ದೇವಮ್ಮನಿಗೆ ಸೀರೆ ಕಳಿಸಿದ. ಆ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಕೊಟ್ಟ.

ಗಿರಿಜಾ ಕೊನೆಯ ಸಲ ಯಾರ್ಡಿಗೆ ಬಂದದ್ದು ಬಾಲಚಂದ್ರನಿಗೆ ರಾಯಪುರಕ್ಕೆ ವರ್ಗವಾದಾಗ. ಪೆಟ್ಟಿಗೆಯನ್ನು ಬೀರುವಿನ ಹಿಂದಿನಿಂದ ತೆಗೆದು ವಾಚ್‌ಮನ್ ಗುಡಿಸಲಿನ ಲೈನಿಗೆ ಹಾಕಿದಳು. ‘ಇನ್ನು ನೀವು ಧಾರಾಳವಾಗಿ ಮೇನ್ ಎಳೀರಿ. ಇದು ಎದ್ದಿರುತ್ತೆ. ನಾನು ಎಲ್ಲಿದ್ರೂ ಇದು ಹೇಳಿದ್ದು ನನಗೆ ಕೇಳುತ್ತೆ.’

ಇಬ್ಬರೂ ಗೇಟಿನವರೆಗೆ ಬಂದರು. ಬಸ್ಸು ನಿಂತಿತ್ತು. ಜಯದೇವ ಹಳೆಯ ಪುರಾಣ ತೆಗೆದ. ‘ನೋಡ್ರಿ ಗಿರಿಜವ್ವಾರ, ಇನ್ನೂ ಹೇಳಿಲ್ಲ ಅಂವ. ಎಲ್ಲಾರ ಮುಂದ ಮಾಡಿದ್ದಕ್ಕ ಎಲ್ಲಾರ ಮುಂದs ಹೇಳಬೇಕು. ಮುಚ್ಚಿದ ಬಾಗಲದಾಗ ಹೇಳಿದ್ರ ಅದು ಹೇಳಿದಂಗಲ್ಲ.’

ಗಿರಿಜಾ ನಕ್ಕಳು. ‘ನಿಜ ಸಾರ್. ನನ್ನನ್ನ ಕೂಲಿ ಗೂಢಚಾರಿ ಅಂದಿದ್ದೂ ಇದೇ ಬಸ್ಸಿನ ಮುಂದೇನೇ. ಎರಡು ಭಾಷೇಲಿ.’

ಜಯದೇವ ಬಾಯಿ ತೆರೆದ. ಬಸ್ಸಿನ ಕಿಟಕಿಗಳತ್ತ ನೋಡಿದ. ದಿನಾ ಬರುವ ಮುಖಗಳೇ, ಒಬ್ಬಿಬ್ಬರು ಇತ್ತಲೇ ನೋಡುತ್ತಿದ್ದರು. ಅವನ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. ಡ್ರೈವರ್ ಹಾರ್ನ್ ಹೊಡೆದ.

‘ಚಾ ಕುಡೀತೀರೇನ್ರಿ?’ ಅಂದ.

‘ಬೇಡ ಸಾರ್. ರೈಲಿಗೆ ಹೊತ್ತಾಯ್ತು.’

ಬಸ್ಸೂ ಹೋಯಿತು, ಅವಳೂ ಹೋದಳು.

ಈಗ ವರ್ಷದ ಮೇಲಾಯಿತು. ಪೆಟ್ಟಿಗೆ ವಾಚ್‌ಮನ್ ಗುಡಿಸಲಿನಲ್ಲಿ ಸುಮ್ಮನೆ ಕೂತು ನೋಡುತ್ತಿದೆ. ಜಯದೇವ ಸಂಜೆ ರೌಂಡ್ಸ್ ಮುಗಿಸಿ ಮೇನ್ ಎಳೆದು ಗೇಟಿಗೆ ಬರುತ್ತಾನೆ, ಬಸ್ಸು ಬಂದು ನಿಲ್ಲುತ್ತದೆ, ರಾಮಮೋಹನನ ಕಾರು ಬರುವುದಿಲ್ಲ. ಮನೆಗೆ ಬಂದು ಅದೇ ಸಿಟ್ಟು. ಮೊನ್ನೆ ದೇವಮ್ಮ ರೊಟ್ಟಿ ಬಡಿಯುತ್ತ ಕೇಳಿದಳು.

‘ಅಂವ ಹೇಳಲಿಲ್ಲ ಅಂತೀರಿ. ಆ ಗಿರಿಜವ್ವಗ ನೀವರ ಹೇಳೀರೇನು?’

‘ಅದು ಬ್ಯಾರೆ.’

‘ಹೆಂಗ ಬ್ಯಾರೆ?’

ಅವನು ಎದ್ದು ಹೋಗಿ, ಯಾರೂ ಇಲ್ಲದ ಕೋಣೆಯ ಫ್ಯಾನು ಆರಿಸಿ ಬಂದ.

‘ಮೊದಲ ಅಂವ ಹೇಳ್ಲಿ,’ ಅಂದ.